ಅಂಗಾಲು ನೋಡುತ್ತಿದ್ದ ಡಾಕ್ಟರ್ ಬಾಯಿ

ವಿಮಲಾಬಾಯಿ ಡಾಕ್ಟರರ ದವಾಖಾನೆಯಲ್ಲಿ ರೋಗಿಗಳಿಗೆ ಕುರ್ಚಿಗಳಿದ್ದವು, ರೋಗಿಗಳ ಜೊತೆ ಬಂದವರಿಗೆ ಒಂದು ಉದ್ದನೆಯ ಬೆಂಚಿತ್ತು, ಡಾಕ್ಟರರಿಗೆ ಮಾತ್ರ ಕೂರಲು ಏನೂ ಇರಲಿಲ್ಲ. ಮೇಜಿನ ಹಿಂದೆ ಕುರ್ಚಿ ಇರಬೇಕಾದ ಕಡೆ ಸ್ಟೂಲಿನ ಮೇಲೆ ಕುಡಿಯುವ ನೀರಿನ ಮಣ್ಣಿನ ಕೊಡವೊಂದು ಕುಳಿತಿರುತ್ತಿತ್ತು. ಅವರು ನಿಂತೇ ನೋಡುತ್ತಿದ್ದರು, ನಡೆಯುತ್ತಲೇ ಕೇಳುತ್ತಿದ್ದರು. ನೀವು ನಿಮ್ಮ ಹೊಟ್ಟೆನೋವು ಹೇಳತೊಡಗಿದರೆ ಕಿಟಕಿಯ ತನಕ ಹೋಗಿ, ಓಣಿಯಲ್ಲಿ ಹೊರಟ ಯಾರನ್ನೋ ಕೂಗಿ ನಿನ್ನೆ ಗುಳಿಗೆ ನುಂಗಿದೆಯಾ ಎಂದು ವಿಚಾರಿಸಿ, ತಿರುಗಿ ಬಂದು ನೀವು ಬಿಟ್ಟ ಮಾತಿನಿಂದಲೇ ಮುಂದಿನ ಪ್ರಶ್ನೆ ಹಾಕುತ್ತಿದ್ದರು. ಮೊದಲ ಸಲ ಹೋದವರಿಗೆ ಇವರು ಕೇಳಿಸಿಕೊಂಡರೋ ಇಲ್ಲವೋ ಎಂಬ ಅನುಮಾನ. ಎರಡನೆಯ ಸಲ ಹೋದಾಗ, ಹಿಂದಿನ ಸಲ ತಾವು ಆಡಿ ಮರೆತ ಮಾತನ್ನೂ ಅವರು ನೆನಪಿಸಿದರೆ ಮುಖ ಮುಖ ನೋಡುತ್ತಿದ್ದರು.

ಕಲಬುರಗಿಯ ಬ್ರಹ್ಮಪುರದ ಮಂದಿಗೆ ಅವರು ಡಾಕ್ಟರ್ ಬಾಯಿ. ಗಿಡ್ಡ ಆಳು, ಬಿಗಿಯಾಗಿ ಕಟ್ಟಿದ ಬಿಳಿ ತುರುಬು, ನೂಲಿನ ಸೀರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಯಾರದೋ ಮನೆಗೆ ಹೊರಟರೆಂದೇ ಅರ್ಥ. ಮದುವೆಯಾಗಿರಲಿಲ್ಲ. ನಮ್ಮಿಂದ ಎರಡು ಓಣಿ ಆಚೆ, ಅಣ್ಣ ಮತ್ತು ವೈನಿ ಎಂದು ಕರೆಯುವ ಅತ್ತಿಗೆಯ ಜೊತೆ ಹಳೆಯ ಮನೆಯಲ್ಲಿದ್ದರು. ವೈಷ್ಣವ ಮನೆತನ, ಅಣ್ಣ ಪೂಜೆ ಪುನಸ್ಕಾರದವರು, ಭಾರಿ ಮಡಿ. ಆ ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಡಾಕ್ಟರ್ ಬಾಯಿಗೆ ಸಿಟ್ಟು ಬಂದಾಗ ಎರಡೂ ಕಲೆತು ಬರುತ್ತಿದ್ದವು.

ರೋಗ ಎಂಬ ಶಬ್ದವನ್ನು ಅವರ ಬಾಯಲ್ಲಿ ಕೇಳಿದ ನೆನಪಿಲ್ಲ. ಅವರದು ಯಾವಾಗಲೂ ತಬಿಯತ್ತು. "ತಬಿಯತ್ ಅಂದ್ರ ಬರೇ ಮೈ ಅಲ್ರಿ," ಎನ್ನುತ್ತಿದ್ದರು. "ಮೈ, ಮನಿ, ಮಂದಿ, ಮೂರೂ ಕೂಡಿದ್ರ ತಬಿಯತ್. ಒಂದು ಮುನಿಸಿಕೊಂಡ್ರ ಉಳದೆರಡೂ ಊಟ ಬಿಡ್ತಾವ." ಅದಕ್ಕೇ ಅವರ ಪ್ರಶ್ನೆಗಳು ಬೇರೆ ಡಾಕ್ಟರರ ಪ್ರಶ್ನೆಗಳಂತಿರಲಿಲ್ಲ. ಯಾರ ಜೊತೆ ಕುಳಿತು ಉಂಡಿರಿ, ಯಾರ ಜೊತೆ ಮಾತು ಬಿಟ್ಟಿದ್ದೀರಿ, ಮಲಗುವ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ, ಕಡೆಗೆ ನಕ್ಕಿದ್ದು ಯಾವಾಗ. ಬಿ.ಪಿ. ನೋಡುವ ಪಟ್ಟಿ ತೋಳಿಗೆ ಬರುವ ಹೊತ್ತಿಗೆ ಮನೆಯ ಅರ್ಧ ಪುರಾಣ ಹೊರಗೆ ಬಿದ್ದಿರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕಾಯುವವರು ಹಲ್ಲು ಕಡಿಯುತ್ತಿದ್ದರು. ನಾನಂತೂ ಎಲ್ಲರಿಗಿಂತ ಜೋರಾಗಿ ಕಡಿಯುತ್ತಿದ್ದೆ.

ನಾನು ಹುಟ್ಟಾ ಅವಸರದವಳು. ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗರು ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ನಾನು ಉತ್ತರ ಹೇಳಿಬಿಟ್ಟಿರುತ್ತೇನೆ. ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲಲು ನನಗಾಗದು, ಹೀಗಾಗಿ ನಮ್ಮ ಮನೆಯ ಹಾಲು ಉಕ್ಕದ ದಿನವೇ ಕಡಿಮೆ. ಡಾಕ್ಟರ್ ಬಾಯಿ ನನ್ನನ್ನು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, ನಿಮ್ಮವ್ವನಿಗೆ ಸಕ್ಕರೆ, ನಿಮಗೆ ಅವಸರ, ಎರಡೂ ಸದ್ದಿಲ್ಲದೆ ತಿನ್ನುವಂಥವು ಎಂದಿದ್ದರು. ನಾನು ತೋರಿಸಿಕೊಳ್ಳಲು ಬಂದಿಲ್ಲ, ಅವ್ವನನ್ನು ತೋರಿಸಲು ಬಂದಿದ್ದೇನೆ ಎಂದು ಮುಖ ಸಿಂಡರಿಸಿದ್ದೆ. ಅವರೇ ಒಂದು ಕಡೆ ಕೂರದವರು, ನನಗೆ ಸಮಾಧಾನದ ಪಾಠ ಹೇಳುವುದೇನು ಎಂದು ನನಗೆ ರೇಗಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಕಮಲಾಪುರದಿಂದ ನನ್ನ ಮನೆಗೆ ಬಂದಿದ್ದಳು. ಅಲ್ಲಿ ಅಣ್ಣ-ಅತ್ತಿಗೆ, ಹೊಲ, ಬಾಳೆತೋಟ ಎಲ್ಲವೂ ಇದ್ದವು. ಆದರೆ ನನ್ನ ಮಗಳು ಚಿಕ್ಕವಳು, ನನ್ನ ಗಂಡ ಬಸವರಾಜ ದಿನವೆಲ್ಲ ನೆಹರು ಗಂಜ್ ಮಾರುಕಟ್ಟೆಯ ತೊಗರಿ ಅಂಗಡಿಯಲ್ಲಿ, ನಾನು ಕಾಲೇಜಿನಲ್ಲಿ. ನನ್ನ ಅನುಕೂಲಕ್ಕೆಂದು ಅವ್ವ ಬಂದಳು. ಬಂದವಳಿಗೆ ಶುಗರ್ ಇತ್ತು. ಗುಳಿಗೆ ನುಂಗುತ್ತಿದ್ದಳು, ಸಿಹಿ ಬಿಟ್ಟಿದ್ದಳು, ಆದರೂ ಅದು ಏರುತ್ತಲೇ ಇತ್ತು. ನಾನು ಗುಳಿಗೆ ಹೆಚ್ಚಿಸಿ ಎಂದೆ. ಡಾಕ್ಟರ್ ಬಾಯಿ ಊಟಕ್ಕೆ ಬರುತ್ತೇನೆ ಎಂದರು.

ಹೇಳದೆ ಕೇಳದೆ ಒಂದು ರಜಾದಿನ ಮಧ್ಯಾಹ್ನ ಬಂದೇಬಿಟ್ಟರು. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು, ರೊಟ್ಟಿಯ ಬುಟ್ಟಿ ನೋಡಿದರು, ಶೇಂಗಾ ಹಿಂಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಂದ ಆಗಿದೆ ಎಂದರು. ಮಗಳು ಉಂಡಳು, ಗಂಡ ಉಂಡರು, ನಾನೂ ಉಂಡೆ. ಅವ್ವ ಬಡಿಸುತ್ತಲೇ ಇದ್ದಳು. ಪಾತ್ರೆ ತೊಳೆದಳು, ಒಣಗಿದ ಬಟ್ಟೆ ಮಡಚಿದಳು. ಡಾಕ್ಟರ್ ಬಾಯಿ ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಡುಮನೆಗೆ ಅಡ್ಡಾಡುತ್ತ ಕಾದರು. ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಒಲೆಯ ಪಕ್ಕ ನಿಂತುಕೊಂಡೇ, ಕೈಯಲ್ಲಿ ಒಂದು ತಣ್ಣನೆಯ ರೊಟ್ಟಿ ಹಿಡಿದು ನಾಲ್ಕು ತುತ್ತು ತಿಂದಳು. ನಾವೆಲ್ಲ ದಿನಾ ನೋಡುತ್ತಿದ್ದುದೇ. ನೋಡುತ್ತಿದ್ದೆವೆಂದರೂ ತಪ್ಪೇ, ನಮ್ಮ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

"ನಿಮ್ಮವ್ವಾರು ಈ ಮನಿಯಾಗ ಬೀಗರಂಗ ಇದ್ದಾರ," ಎಂದರು ಡಾಕ್ಟರ್ ಬಾಯಿ, ನನ್ನನ್ನು ಹಿತ್ತಿಲಿಗೆ ಕರೆದು. "ಮಗಳ ಮನಿ ಅನ್ನ ಉಣ್ಣಾಕತ್ತೀನಿ ಅಂತ ದುಡದು ತೀರಿಸಾಕತ್ತಾರ. ಹೊತ್ತಿಗೆ ಗುಳಿಗಿ ನುಂಗತಾರ, ಹೊತ್ತಿಗೆ ಊಟ ಇಲ್ಲ. ನಾ ಗುಳಿಗಿ ಹೆಚ್ಚು ಬರದ್ರ ಸಕ್ಕರಿ ಇಳದು ಒಲಿ ಮುಂದ ಬಿದ್ದಾರು."

ಔಷಧ ಬರೆದದ್ದು ಬಸವರಾಜನಿಗೆ. ಮಧ್ಯಾಹ್ನ ಅಂಗಡಿ ಬಿಟ್ಟು ಮನೆಗೆ ಬರಬೇಕು, ಅತ್ತೆಯ ಜೊತೆ ಕುಳಿತು ಉಣ್ಣಬೇಕು, ಅತ್ತೆಯ ತಾಟು ಬಂದು ಕೂಡುವ ತನಕ ತುತ್ತು ಎತ್ತಬಾರದು. ಅಳಿಯನ ಎದುರು ಕುಳಿತು ಉಣ್ಣುವುದೆಂದರೆ ಅವ್ವನಿಗೆ ಜೀವ ಹೋದಂತೆ. ಮೊದಮೊದಲು ಸೆರಗು ಹಣೆಯ ತನಕ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಬಸವರಾಜ ಮಾತು ಕಡಿಮೆಯ ಮನುಷ್ಯ, ಅವರೂ ತಾಟನ್ನೇ ನೋಡುತ್ತ ಉಣ್ಣುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗಂಜಿನಲ್ಲಿ ತೊಗರಿಯ ಧಾರಣೆ ಏನು, ಹೊಸ ಕಾಳು ಹೇಗಿದೆ ಎಂದು ಅವ್ವನೇ ವಿಚಾರಿಸತೊಡಗಿದಳು. ಶುಗರ್ ಇಳಿಯಿತು. ನಾನು ಗೆದ್ದವಳಂತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಅದೇ ಸಂಭ್ರಮದಲ್ಲಿ, ಅವ್ವನನ್ನು ದವಾಖಾನೆಗೆ ಕರೆದೊಯ್ದಾಗ, ಡಾಕ್ಟರ್ ಬಾಯಿಯ ಮುಂದೆ ಇನ್ನೊಂದು ಜಂಬವನ್ನೂ ಕೊಚ್ಚಿದೆ.

ಅವ್ವನಿಗೆ ಒಂದು ಹರಕೆಯಿತ್ತು. ಅಪ್ಪ ಒಮ್ಮೆ ದೊಡ್ಡ ಬೇನೆಯಿಂದ ಎದ್ದಾಗ ಹೊತ್ತದ್ದು. ಪ್ರತಿ ಸೋಮವಾರ ಬರಿಗಾಲಲ್ಲಿ ಶರಣಬಸವೇಶ್ವರ ಗುಡಿಗೆ ನಡೆದುಹೋಗಿ, ಬರಿಗಾಲಲ್ಲೇ ತಿರುಗಿ ಬರುವುದು. ಆಗ ಕಮಲಾಪುರದಿಂದ ಬಸ್ಸಿಗೆ ಬಂದಿಳಿದು ನಡೆಯುತ್ತಿದ್ದಳು, ಅಪ್ಪ ಹೋಗಿ ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಕಲಬುರಗಿಯ ಬೇಸಿಗೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೊತ್ತೇರಿದ ಮೇಲೆ ಡಾಂಬರು ಮೆತ್ತಗಾಗುತ್ತದೆ, ಪರಸಿ ಕಲ್ಲಿನ ಮೇಲೆ ಕಾಲಿಟ್ಟವರು ಕುಣಿಯುತ್ತ ನೆರಳಿಗೆ ಓಡುತ್ತಾರೆ. ಅವ್ವ ಮಾತ್ರ ನಿಧಾನವಾಗಿ, ಕೈ ಮುಗಿದುಕೊಂಡು ಬರುತ್ತಿದ್ದಳು. ಹುಲ್ಲಿನ ಮೇಲೆ ನಡೆದಂತಾಗುತ್ತದೆ, ಅಪ್ಪನ ಕೃಪೆ ಎನ್ನುತ್ತಿದ್ದಳು. ದೇವರನ್ನೂ ಅವಳು ಅಪ್ಪ ಎಂದೇ ಕರೆಯುವುದು. ಓಣಿಯ ಹೆಣ್ಣುಮಕ್ಕಳು ಸೋಮವಾರ ಬಾಗಿಲಲ್ಲಿ ಕಾದು ನಿಂತು ಅವ್ವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗಣಿತ ಓದಿದ ನನಗೂ ಒಳಗೊಳಗೆ ಹೆಮ್ಮೆ. ನಮ್ಮ ಅವ್ವನಿಗೆ ಬೆಂಕಿಯಂಥ ಬಿಸಿಲೂ ತಾಗುವುದಿಲ್ಲ ನೋಡ್ರಿ ಎಂದೆ.

ಅಡ್ಡಾಡುತ್ತಿದ್ದ ಡಾಕ್ಟರ್ ಬಾಯಿ ನಿಂತುಬಿಟ್ಟರು. ಅವರು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದರು. ಎರಡು ಮೂರು ವರ್ಷದಿಂದ ಎಂದಳು ಅವ್ವ, ನಾಚಿಕೊಂಡು. ಡಾಕ್ಟರ್ ಬಾಯಿ ಅವ್ವನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಕಸಬರಿಗೆಯಿಂದ ಒಂದು ಹೊಸ ಕಡ್ಡಿ ಕಿತ್ತು ತೊಳೆದು ತಂದರು. ಕಾಲಿಗೆ ಕಡ್ಡಿ ತಾಗಿದಾಗೊಮ್ಮೆ ಹ್ಞೂಂ ಅನ್ನಿ ಎಂದರು. ಹೆಬ್ಬೆರಳಿಗೆ ಮುಟ್ಟಿಸಿದರು. ಅಂಗಾಲಿಗೆ ಮುಟ್ಟಿಸಿದರು. ಹಿಮ್ಮಡಿಗೆ ಒತ್ತಿದರು. ಅವ್ವ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೇ ಇದ್ದಳು. ಇನ್ನೊಂದು ಕಾಲನ್ನೂ ಮುಗಿಸಿ ಡಾಕ್ಟರ್ ಬಾಯಿ ಕಡ್ಡಿಯನ್ನು ಕೆಳಗಿಟ್ಟರು.

"ಇನ್ನಾ ಚಾಲೂ ಮಾಡಿಲ್ಲೇನ್ರಿ ಬಾಯಿಯವರ?" ಎಂದು ಕೇಳಿದಳು ಅವ್ವ.

ನಾನು ಬಗ್ಗಿ ಪಾದ ನೋಡಿದೆ. ಎಡಗಾಲಿನ ಬೆರಳುಗಳ ಬುಡದಲ್ಲಿ ಸುಟ್ಟ ಬೊಬ್ಬೆಯೊಂದು ಒಡೆದು ಹುಣ್ಣಾಗಿತ್ತು, ಅದರೊಳಗೆ ಒಂದು ಹರಳು ಸಿಕ್ಕಿಕೊಂಡಿತ್ತು. ಅವ್ವನಿಗೆ ಸುದ್ದಿಯೇ ಇರಲಿಲ್ಲ. ಡಾಕ್ಟರ್ ಬಾಯಿ ತೊಳೆದು ಪಟ್ಟಿ ಕಟ್ಟುತ್ತ, ಶುಗರ್ ಹಳೆಯದಾದರೆ ಕಾಲಿನ ನರಗಳು ಸುದ್ದಿ ಮುಟ್ಟಿಸುವುದನ್ನು ಬಿಡುತ್ತವೆ ಎಂದು ಸಾವಕಾಶವಾಗಿ ತಿಳಿಸಿದರು. ಇನ್ನು ಮೇಲೆ ಬರಿಗಾಲು ಬೇಡ. ಗುಡಿಗೂ ಬೇಡ, ಮನೆಯೊಳಗೂ ಬೇಡ, ದೇವರ ಕೋಣೆಗೂ ಮೆತ್ತನೆಯ ಹೊಸ ಚಪ್ಪಲಿ ಒಂದು ಬೇರೆ ಇರಲಿ.

"ಅಪ್ಪನ ಕೃಪಾ ಅಲ್ಲೇನ್ರಿ ಹಂಗಾದ್ರ?" ಅವ್ವನ ದನಿ ಸಣ್ಣಗಾಗಿತ್ತು.

"ಬ್ಯಾನಿ ಆಗೋದೇ ಕೃಪಾ ರೀ. ಸುಡಾಕತ್ತದ, ಕಾಲು ತಗಿ ಅಂತ ಮೈ ಒದರತದ. ಆ ಒದರೋದು ನಿಂತದ ನಿಮಗ."

ಮಾತು ನಿಜವೇ. ಆದರೆ ಅವ್ವನ ಮುಖ ನೋಡಿದ್ದರೆ ಆ ಹೊತ್ತಿಗೆ ಯಾರೂ ಆ ಮಾತು ಆಡುತ್ತಿರಲಿಲ್ಲ. ಗಂಡ ಹೋದ ಮೇಲೆ, ಊರು ಬಿಟ್ಟ ಮೇಲೆ, ಮಗಳ ಮನೆಯಲ್ಲಿ ಬೀಗರಂತೆ ಬದುಕುವ ಆ ಜೀವಕ್ಕೆ ತನ್ನದೆಂದು ಉಳಿದಿದ್ದು ಅದೊಂದೇ ಕೃಪೆ. ಅದನ್ನೂ ಕಡ್ಡಿಯಿಂದ ಚುಚ್ಚಿ ನೋಡಿ ಇಲ್ಲವೆಂದಂತಾಯಿತು. ಮನೆಗೆ ಬಂದ ಅವ್ವ ಚಪ್ಪಲಿಯ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದಳು. ವೈಷ್ಣವರಿಗೆ ನಮ್ಮ ಅಪ್ಪನ ಮಹಿಮೆ ಏನು ತಿಳಿಯಬೇಕು ಎಂದು ಒಮ್ಮೆ ಗೊಣಗಿದ್ದೂ ಕೇಳಿಸಿತು. ಮುಂದಿನ ಸೋಮವಾರ ನಾನೂ ಗಂಡನೂ ಕೆಲಸಕ್ಕೆ ಹೊರಬಿದ್ದ ಮೇಲೆ ಪಟ್ಟಿ ಕಟ್ಟಿದ ಕಾಲಲ್ಲೇ, ಬರಿಗಾಲಲ್ಲೇ ಗುಡಿಗೆ ಹೋಗಿ ಬಂದಳು. ಏನೂ ಆಗಲಿಲ್ಲ ನೋಡು ಎಂದು ಸಂಜೆ ನನಗೆ ತೋರಿಸಿದಳು. ಆದದ್ದು ಅವಳಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಆ ವಾರ ಮುಗಿಯುವ ಮೊದಲೇ ಮೈ ಕೆಂಡವಾಯಿತು. ಪಾದ ಊದಿ ಹೊಳೆಯುತ್ತಿತ್ತು, ಕೋಣೆಗೆಲ್ಲ ಕೆಟ್ಟ ವಾಸನೆ. ನನಗೆ ಕೈಕಾಲು ಆಡಲಿಲ್ಲ. ಆಡಲಿಲ್ಲವೆಂದರೂ ಸುಳ್ಳು, ಕಂಡಕಂಡ ಕಡೆ ಆಡಿದವು. ಹೈದರಾಬಾದಿಗೆ ಕಾರು ಹೇಳಿದೆ, ಅಣ್ಣನಿಗೆ ಫೋನ್ ಮಾಡಿ ಬೈದೆ, ಬಟ್ಟೆ ತುಂಬಿದ ಚೀಲ ಬಾಗಿಲಿಗೆ ತಂದಿಟ್ಟೆ. ಡಾಕ್ಟರ್ ಬಾಯಿ ಬಂದವರೇ ಅವ್ವನ ಪಾದ ನೋಡಿ, ಆ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಅವಸರ ಮಾಡ್ರಿ, ಖರೆ ಮಾಡ್ಬೇಕು. ಆದ್ರ ದಿಕ್ಕು ನೋಡಿ ಮಾಡ್ರಿ. ಹೈದರಾಬಾದ್ ಮುಟ್ಟೋದ್ರಾಗ ಇದು ಮೊಣಕಾಲ್ ಮುಟ್ತದ. ಊರಾಗ ಸರ್ಜನ್ ಇದ್ದಾರ, ಈಗಿಂದೀಗ ನಡೀರಿ."

ಸರ್ಜನ್ ನೋಡಿ, ಮೊಣಕಾಲಿನ ಕೆಳಗೆ ತೆಗೆಯಬೇಕಾಗಬಹುದು ಎಂದರು. ಆಮೇಲೆ ಅವರೂ ಡಾಕ್ಟರ್ ಬಾಯಿಯೂ ಬಹಳ ಹೊತ್ತು ಮಾತಾಡಿದರು. ರಕ್ತ ಪಾದದ ತನಕ ಇನ್ನೂ ಹರಿಯುತ್ತಿದೆ, ಮೊದಲು ಕೆಟ್ಟದ್ದನ್ನಷ್ಟೇ ತೆಗೆದು ನೋಡೋಣ, ಆಗದಿದ್ದರೆ ಕಾಲು ಎಂದಾಯಿತು. ಆಗದಿದ್ದರೆ ಎಂಬ ಆ ಮಾತು ನನ್ನ ಕಿವಿಯಲ್ಲೇ ಕೂತುಬಿಟ್ಟಿತು. ಅವ್ವನನ್ನು ಒಳಗೆ ಒಯ್ದರು. ಬಸವರಾಜ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತರು. ಕಾರಿಡಾರಿನ ಈ ತುದಿಯಿಂದ ನಾನು, ಆ ತುದಿಯಿಂದ ಡಾಕ್ಟರ್ ಬಾಯಿ, ನಡುವೆ ಒಬ್ಬರನ್ನೊಬ್ಬರು ದಾಟಿಕೊಂಡು ತಿರುಗುತ್ತಲೇ ಇದ್ದೆವು. ಒಬ್ಬ ನರ್ಸ್ ಬಂದು ಇಬ್ಬರಿಗೂ ಕೂರಲು ಹೇಳಿ, ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಹೋದಳು.

ಕೊನೆಗೆ ನಾನೇ ನಡುವೆ ಅಡ್ಡ ನಿಂತೆ. ಕಾಲು ಹೋಗುತ್ತದೆ ಎಂದು ಅವತ್ತೇ ಹೆದರಿಸಿದ್ದರೆ ಅವ್ವ ಹೊಸ್ತಿಲು ದಾಟುತ್ತಿರಲಿಲ್ಲ, ನಿಮ್ಮ ನಯದ ಮಾತಿನಿಂದಲೇ ಹೀಗಾಯಿತು ಎಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದು, ಅವತ್ತು ಅದು ಕಣ್ಣಿನಲ್ಲೂ ಇಳಿಯುತ್ತಿತ್ತು. ಅವರು ತಿರುಗಿ ಜಗಳಕ್ಕೆ ಬರಲಿಲ್ಲ.

"ಹೆದರಿಸಿದ್ರೂ ಹೋಗ್ತಿದ್ರವ್ವ ನಿಮ್ಮವ್ವ. ತಪ್ಪು ನಂದೇ ಅದ, ಅದು ಬ್ಯಾರೆ. ನಾ ಕಾಲಿಗಿ ಪಟ್ಟಿ ಕಟ್ಟಿದೆ, ಹರಕಿಗಿ ಏನೂ ಮಾಡ್ಲಿಲ್ಲ. ಮೈ ನೋಡಿದೆ, ಮನಿ ನೋಡಿದೆ, ಅವರ ಅಪ್ಪನ್ನ ಬಿಟ್ಟುಬಿಟ್ಟೆ."

ಅಷ್ಟು ವರ್ಷ ಡಾಕ್ಟರಿಕೆ ಮಾಡಿದವರು ನನ್ನಂಥವಳ ಮುಂದೆ ಹಾಗೆ ಹೇಳಿಕೊಂಡದ್ದು ನೋಡಿ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಕಾಲು ಉಳಿದೀತೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಮತ್ತೆ ಇಬ್ಬರೂ ತಿರುಗತೊಡಗಿದೆವು, ಈ ಸಲ ಜೊತೆಯಾಗಿ.

ಎರಡು ಬೆರಳು ಹೋದವು, ಕಾಲು ಉಳಿಯಿತು. ಗಾಯ ಮಾಯುತ್ತ ಬಂತು. ಆದರೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿರುಗಲೇ ಇಲ್ಲ. ಅಪ್ಪ ನನ್ನ ಕೈ ಬಿಟ್ಟ ಎಂಬುದೊಂದೇ ಮಾತು. ಊಟದ ತಾಟು ಹಾಗೇ ಹಿಂದೆ ಬರುತ್ತಿತ್ತು. ಬಸವರಾಜ ಅದರ ಮುಂದೆ ಕುಳಿತು ಕುಳಿತು ತಾವೂ ಉಣ್ಣದೆ ಅಂಗಡಿಗೆ ಹೋಗುತ್ತಿದ್ದರು. ನಾನು ನಿದ್ದೆಯ ಗುಳಿಗೆ, ಶಕ್ತಿಯ ಗುಳಿಗೆ, ಮನಸ್ಸಿನ ಡಾಕ್ಟರು ಎಂದೆಲ್ಲ ಹಾರಾಡಿದೆ. ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದೂ ಒಳ್ಳೆಯದೇ, ಹೋಗೋಣ, ಅದರ ಜೊತೆಗೆ ನನ್ನದೂ ಒಂದು ಮದ್ದಿದೆ ಎಂದರು ಡಾಕ್ಟರ್ ಬಾಯಿ. ಅವ್ವ ನಡೆಯುವಷ್ಟಾದ ಮೇಲೆ ಕಮಲಾಪುರಕ್ಕೆ ಕರೆದುಕೊಂಡು ಬರಲು ಹೇಳಿದರು.

ಅವರು ಪ್ರತಿ ಗುರುವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದರು. ಅವ್ವನ ಕಾಲಿನ ಪ್ರಕರಣವಾದ ಮೇಲೆ ನಮ್ಮ ಅಣ್ಣನ ಮನೆಯ ಪಡಸಾಲೆಯೇ ಅವರ ದವಾಖಾನೆ. ಬಿ.ಪಿ. ನೋಡಿಸಿಕೊಳ್ಳಲು ಹೆಂಗಸರು ಸಾಲು ನಿಲ್ಲುತ್ತಿದ್ದರು, ಕಾಲು ತೋರಿಸಿ ಎಂದರೆ ಮಾತ್ರ ಸೀರೆಯ ಅಂಚು ಎಳೆದುಕೊಂಡು ಹಿಂದೆ ಸರಿಯುತ್ತಿದ್ದರು. ಇಷ್ಟು ಓದಿದ ಡಾಕ್ಟರ್ ಬಾಯಿ ನಮ್ಮ ಮಣ್ಣುಗಾಲು ಮುಟ್ಟುವುದೇ? ಪಾಪ ಹತ್ತುತ್ತದೆ ಎಂದು ಅವರ ಹೆದರಿಕೆ. ಡಾಕ್ಟರ್ ಬಾಯಿ ನನ್ನ ಅವ್ವನನ್ನು ಒಂದು ಹೊರಸಿನ ಮೇಲೆ ಕೂರಿಸಿ, ಕೈಗೆ ಕಸಬರಿಗೆಯ ಕಡ್ಡಿ ಕೊಟ್ಟು, ನೀವೇ ನೋಡಿ ಎಂದುಬಿಟ್ಟರು.

ಅವ್ವ ಕಕ್ಕಾಬಿಕ್ಕಿಯಾದಳು. ಹೆಂಗಸರು ಇನ್ನೂ ಹೆದರಿದರು. ಊರಿಗೇ ಹಿರಿಯಳು, ಅವಳ ಪಾದ ನಾವು ಮುಟ್ಟಬೇಕು, ಅವಳು ನಮ್ಮ ಪಾದ ಮುಟ್ಟುವುದೆಂದರೇನು. ಬಹಳ ಹೊತ್ತು ಯಾರೂ ಮುಂದೆ ಬರಲಿಲ್ಲ. ನನಗೋ ಚಡಪಡಿಕೆ, ಇದೆಲ್ಲಿಯ ನಾಟಕ, ಮನೆಗೆ ಹೋಗೋಣ ಎನಿಸುತ್ತಿತ್ತು. ಆಗ ಅವ್ವನೇ ಚಪ್ಪಲಿ ಬಿಚ್ಚಿ, ಎರಡು ಬೆರಳಿಲ್ಲದ ತನ್ನ ಎಡಗಾಲನ್ನು ಹೊರಸಿನ ಮೇಲೆ ಎತ್ತಿಟ್ಟು ಎಲ್ಲರಿಗೂ ತೋರಿಸಿದಳು.

"ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ ಮಂದಿ ಭಾಳ ಅದಾರ್ರವ್ವ. ತಿರುವಿ ನೋಡಿದೋರು ಒಬ್ರೂ ಇದ್ದಿಲ್ಲ. ನೋಡಿದ್ರ ಇವೆರಡು ಇರ್ತಿದ್ವು. ಬರ್ರಿ, ತೋರಸ್ರಿ."

ಮೊದಲು ಬಂದವಳು ಪಕ್ಕದ ಮನೆಯ ನಾಗಮ್ಮ. ಅವ್ವ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಮಣ್ಣು ಒರೆಸಿ, ಬೆರಳುಗಳ ಸಂದಿಯನ್ನೆಲ್ಲ ಬಿಡಿಸಿ ನೋಡಿ, ಕಣ್ಣು ಮುಚ್ಚೆಂದು ಹೇಳಿ ಕಡ್ಡಿ ಮುಟ್ಟಿಸಿದಳು. ನಾಗಮ್ಮ ಕಚಗುಳಿಯಾಗಿ ಕಿಸಕ್ಕನೆ ನಕ್ಕಳು. ಆಮೇಲೆ ಸಾಲು ಹತ್ತಿತು. ಮುಂದೊಂದು ಗುರುವಾರ, ಕಡ್ಡಿ ಮುಟ್ಟಿಸಿದರೂ ಸುಮ್ಮನೆ ಕುಳಿತ ಒಬ್ಬ ಹೆಂಗಸನ್ನು ಕಂಡು ಅವ್ವನ ಮುಖ ಬಿಳಿಚಿಕೊಂಡಿತು. ಬಾಯಿಯವರನ್ನು ಕರೆದು, ಆ ಹೆಂಗಸಿನ ಕೈ ಹಿಡಿದು, ಅವಳಿಗೆ ಏನು ಹೇಳಬೇಕೋ ಅದನ್ನು ಅವ್ವನೇ ಹೇಳಿದಳು. ಕೃಪೆಯ ಮಾತು ಎತ್ತಲಿಲ್ಲ, ಹೆದರಿಸಲೂ ಇಲ್ಲ. ಆ ದಿನ ಅವ್ವ ಎರಡು ರೊಟ್ಟಿ ಉಂಡಳು. ಹೋದ ಬೆರಳುಗಳಿಗೆ ಇದರಿಂದ ಸಮಾಧಾನವಾಯಿತೆಂದು ನಾನು ಹೇಳಲಾರೆ, ನನಗಂತೂ ಇವತ್ತಿಗೂ ಆಗಿಲ್ಲ. ಆದರೆ ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು.

ಕಮಲಾಪುರದವರು ಕೆಂಪು ಬಾಳೆಯ ಗೊನೆಯನ್ನೇ ತಂದು ಡಾಕ್ಟರ್ ಬಾಯಿಯ ಮುಂದಿಡುತ್ತಿದ್ದರು. ಬೇಡವೆಂದರೆ ಬೇಸರ, ಶುಗರ್ ಇದ್ದವರಿಗೆ ಹಂಚಿದರೆ ಅನಾಹುತ. ಅವರು ಅದನ್ನು ಶಾಲೆ ಬಿಟ್ಟು ಬರುವ ಮಕ್ಕಳಿಗೆ ಹಂಚಿ, ಉಳಿದ ಒಂದನ್ನು ನನ್ನ ಕೈಗಿಟ್ಟು, ಇದನ್ನು ಕುಳಿತು ತಿನ್ನಬೇಕು, ಸಿಪ್ಪೆ ಸುಲಿಯುವಾಗ ಬೇರೇನೂ ಯೋಚಿಸಬಾರದು, ಇದೇ ನಿಮ್ಮ ಔಷಧ ಎಂದು ಛೇಡಿಸುತ್ತಿದ್ದರು. ಸಿಪ್ಪೆ ಸುಲಿಯುವಷ್ಟರಲ್ಲಿ ನಾನು ನಾಳೆಯ ಪಾಠದಲ್ಲಿರುತ್ತಿದ್ದೆ.

ಹರಕೆಗೂ ಅವರು ದಾರಿ ಹುಡುಕಿದರು. ಅವ್ವನ ಜೊತೆ ಕುಳಿತು, ಹೌದು, ಅದಕ್ಕಾಗಿ ಅವರು ಕುಳಿತೇ ಮಾತಾಡಿದರು, ಅಪ್ಪನಿಗೆ ಬೇಕಾದ್ದು ಬರಿಗಾಲೋ ಬರುವ ಮನಸ್ಸೋ ಎಂದು ಅವ್ವನ ಬಾಯಿಂದಲೇ ಹೇಳಿಸಿದರು. ಸೋಮವಾರ ಬೆಳಕು ಹರಿಯುವ ಮುನ್ನ, ಕಲ್ಲು ತಣ್ಣಗಿರುವಾಗ ಹೋಗುವುದು. ಗುಡಿಯ ಬಾಗಿಲ ತನಕ ಅವ್ವ ಚಪ್ಪಲಿಯಲ್ಲಿ, ಒಳಗೆ ದಪ್ಪ ಕಾಲುಚೀಲದಲ್ಲಿ. ಅವ್ವನ ಪಾಲಿನ ಬರಿಗಾಲ ನಡಿಗೆ ಮಗಳದು. ನಾನು ಮುಂದೆ ಬರಿಗಾಲಲ್ಲಿ ನಡೆಯಬೇಕು, ಹರಳಿದ್ದರೆ, ಬಿಸಿಯಿದ್ದರೆ ಹೇಳಬೇಕು, ಅವ್ವ ನನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡಬೇಕು. ಓಡುವಂತೆಯೇ ನಡೆದು ರೂಢಿಯಿದ್ದ ನನಗೆ ಅದೊಂದು ಶಿಕ್ಷೆ. ಅವ್ವನಿಗೆ ಬರೆದ ಔಷಧದಲ್ಲಿ ಡಾಕ್ಟರ್ ಬಾಯಿ ನನಗೂ ಒಂದು ಪಾಲು ಇಟ್ಟಿದ್ದಾರೆಂಬುದು ಬಹಳ ದಿನ ನನಗೆ ಹೊಳೆದಿರಲಿಲ್ಲ.

ಈ ಬೇಸಿಗೆಯ ಒಂದು ಗುರುವಾರ, ರಜೆಗೆ ಅಣ್ಣನ ಮನೆಯಲ್ಲೇ ಉಳಿದಿದ್ದ ನಾವು ಕಮಲಾಪುರದಿಂದ ಅವರನ್ನು ಬಸ್ಸಿಗೆ ಹತ್ತಿಸಿದೆವು. ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತರು. ಕಿಟಕಿಯಿಂದ ಬಗ್ಗಿ, ನಿಮ್ಮ ಬಿ.ಪಿ. ನೋಡಬೇಕು, ಬರುವ ವಾರ ನೆಪ ಹೇಳಬೇಡಿ ಎಂದು ನನಗೆ ತಾಕೀತು ಮಾಡಿದರು. ಬಸ್ಸು ಹೊರಟಿತು. ಭಾನುವಾರ ಬೆಳಗ್ಗೆ ಅಂಗಳದಲ್ಲಿ ಹೂವು ಬಿಡಿಸುತ್ತ ಬಿದ್ದವರು ಏಳಲಿಲ್ಲವಂತೆ. ಹೃದಯ ನಿಂತಿತ್ತು.

ನಾವು ಹೋದಾಗ ಹೊತ್ತೇರಿತ್ತು. ಓಣಿ ತುಂಬ ಜನ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅಂಗಳದ ಪರಸಿ ಕಾದು ಹೋಗಿತ್ತು, ಒಳಗೆ ಹೋಗುವವರು ತುದಿಗಾಲಲ್ಲಿ ಓಡುತ್ತಿದ್ದರು. ಅವ್ವ ಬಾಗಿಲಲ್ಲಿ ಗೋಡೆ ಹಿಡಿದು, ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದಳು. ಮಡಿಯವರ ಮನೆ, ಸತ್ತವರಿಗೆ ಕೊಡುವ ಮರ್ಯಾದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವ್ವ ಹಾಗೇ ಸ್ವಲ್ಪ ಹೊತ್ತು ಬಗ್ಗಿದ್ದವಳು ನೆಟ್ಟಗಾದಳು.

"ತಗದ್ರ ಬೈತಾಳವ್ವ ಆಕಿ," ಎಂದಳು. ಯಾವತ್ತೂ ಬಾಯಿಯವರು ಎಂದಲ್ಲದೆ ಕರೆದವಳಲ್ಲ.

ಚಪ್ಪಲಿಯಲ್ಲೇ ಅಂಗಳ ದಾಟಿ ಪಡಸಾಲೆಗೆ ಹೋದಳು. ಯಾರೋ ತಡೆಯಲು ಬಾಯಿ ತೆರೆಯುವಷ್ಟರಲ್ಲಿ ತಲೆದೆಸೆಯಲ್ಲಿ ಕುಳಿತಿದ್ದ ಡಾಕ್ಟರ್ ಬಾಯಿಯ ಅಣ್ಣನವರು ಅವ್ವನ ಕಾಲು ನೋಡಿದರು, ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಅವ್ವ ಕಾಲ್ದೆಸೆಗೆ ಹೋಗಿ ಕುಳಿತಳು. ನಮಸ್ಕಾರ ಮಾಡುತ್ತಾಳೆಂದುಕೊಂಡೆ. ಅವಳು ಹೊದಿಕೆ ಸರಿಸಿ, ಡಾಕ್ಟರ್ ಬಾಯಿಯ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಮಲಾಪುರದಲ್ಲಿ ನೋಡುವಂತೆಯೇ ಮೆಲ್ಲಗೆ ತಿರುವಿ ನೋಡಿದಳು. ಬೆರಳಿನ ಸಂದಿ, ಅಂಗಾಲು, ಹಿಮ್ಮಡಿ.

"ಇಲ್ಲಿ ನೋಡವ್ವ ಶೈಲಾ, ಹಿಮ್ಮಡಿ ಹ್ಯಾಂಗ ಒಡದಾವ," ಎಂದಳು. "ಎಷ್ಟು ನೋವಿತ್ತೋ ಏನೋ. ಒಬ್ರರೆ ನೋಡೀವೇನು ನಾವು?"

ನೋಡಿದೆ. ಹಿಮ್ಮಡಿಯ ತುಂಬ ಆಳವಾದ ಸೀಳುಗಳು, ಒಳಗೆ ಮಣ್ಣು ಕೂತು ಕಪ್ಪಾಗಿತ್ತು. ಅಷ್ಟು ಗುರುವಾರ ಅವರು ನಮ್ಮ ಪಡಸಾಲೆಯಲ್ಲಿ ಓಡಾಡಿದ್ದರು. ನನಗೆ ತಡೆದುಕೊಳ್ಳಲಾಗಲಿಲ್ಲ, ಅಲ್ಲೇ ಜೋರಾಗಿ ಅತ್ತೆ. ಅವ್ವ ಅಳಲಿಲ್ಲ. ವೈನಿಯವರ ಕಡೆ ತಿರುಗಿ ಕೊಬ್ಬರಿ ಎಣ್ಣೆ ಕೇಳಿದಳು. ಅವರು ಎದ್ದು ಹೋಗಿ ಬಟ್ಟಲಲ್ಲಿ ತಂದುಕೊಟ್ಟರು. ಅವ್ವ ಸೆರಗಿನಿಂದ ಮಣ್ಣು ಒರೆಸಿ, ಬೆರಳಲ್ಲಿ ಎಣ್ಣೆ ಅದ್ದಿ ಒಂದೊಂದೇ ಸೀಳಿಗೆ ತುಂಬತೊಡಗಿದಳು.

ಹೊರಗೆ ಗಂಡಸರು ಹೊತ್ತಾಯಿತು, ಎತ್ತಬೇಕು ಎಂದು ಅವಸರ ಮಾಡುತ್ತಿದ್ದರು. ನಾನು ಅವ್ವನ ಪಕ್ಕ ಕುಳಿತು ಇನ್ನೊಂದು ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡೆ. ಎಣ್ಣೆ ಮುಗಿಯುವ ತನಕ ನಾವಿಬ್ಬರೂ ಏಳಲಿಲ್ಲ.